ಇದು ಮುಟ್ಟಿನ ನೋವಾ, ಬಸುರಿನ ನೋವಾ?

ಬಸುರಾದ ಮೊದಲ ವಾರಗಳಲ್ಲಿ ಹೊಟ್ಟೆ ನೋಯುತ್ತದೆ. ಈ ಒಂದು ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಹೆಂಗಸರಿಗೆ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ವಾಂತಿ ಆಗುತ್ತದೆ, ತಲೆ ಸುತ್ತುತ್ತದೆ, ಹುಳಿ ತಿನ್ನಬೇಕು ಅನ್ನಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಿಬ್ಬೊಟ್ಟೆಯಲ್ಲಿ ಥೇಟ್ ಮುಟ್ಟಿನ ದಿನಗಳ ಹಾಗೆಯೇ ಹಿಂಡುವ ನೋವು ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಿಟ್‌ನಲ್ಲಿ ಎರಡು ಗೆರೆ ನೋಡಿ ಖುಷಿಪಟ್ಟ ಮೇಲೆ ಮುಟ್ಟಿನ ನೋವೇ ಬಂದರೆ ಏನಂದುಕೊಳ್ಳಬೇಕು? ಎಲ್ಲ ಮುಗಿದೇ ಹೋಯಿತು ಅನ್ನಿಸುತ್ತದೆ. ಟಾಯ್ಲೆಟ್‌ಗೆ ಹೋದಾಗಲೆಲ್ಲ ಎದೆ ಡವಡವ ಅನ್ನುತ್ತದೆ. ಕಲೆ ಏನಾದರೂ ಇದೆಯಾ ಅಂತ ನೋಡುವುದು, ಇಲ್ಲ ಅಂತ ಗೊತ್ತಾದ ಮೇಲೆ ಉಸಿರು ಬಿಡುವುದು. ಇದನ್ನು ಎಲ್ಲ ಬಸುರಿಯರೂ ಮಾಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ನನ್ನ ಮಗ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ, ಬೇರೆ ತಾಯಂದಿರ ಜೊತೆ ಮಾತಾಡುವಾಗ.

ಈಗ ನನ್ನ ತಂಗಿ ಬಸುರಿ. ಅವಳು ಇರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ನಾನು ದಾವಣಗೆರೆಯಲ್ಲಿ. ಅವಳ ಮಧ್ಯಾಹ್ನದ ಊಟದ ಹೊತ್ತಿಗೆ ನಮಗೆ ಸಂಜೆ. ನಾನು ಬ್ಯಾಂಕಿನಿಂದ ಮನೆಗೆ ಬರುವಷ್ಟರಲ್ಲಿ ಅವಳ ಫೋನ್ ಬಂದಿರುತ್ತದೆ. "ಅಕ್ಕಾ, ಇವತ್ತು ಎಡಗಡೆ ಚುಚ್ಚಿದ ಹಾಗಾಯಿತು. ಏನಾದ್ರೂ ಆಗಿರುತ್ತಾ?" ಅಂತ ಕೇಳುತ್ತಾಳೆ. "ಏನೂ ಆಗಲ್ಲ, ಸುಮ್ನಿರು" ಅಂದುಬಿಡುವುದು ಸುಲಭ. ನನಗೂ ಎಲ್ಲರೂ ಹಾಗೇ ಅಂದಿದ್ದರು. ಅದರಿಂದ ನನ್ನ ಭಯ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ನೋವು ಯಾಕೆ ಬರುತ್ತದೆ ಅಂತ ಗೊತ್ತಾದ ಮೇಲೆ ಕಡಿಮೆಯಾಯಿತು. ಹಾಗಾಗಿ ತಂಗಿಗೆ ನಾನು ಕಾರಣವನ್ನೇ ಹೇಳುತ್ತೇನೆ.

ಬಸುರಿಲ್ಲದಾಗ ಗರ್ಭಕೋಶ ಒಂದು ಚಿಕ್ಕ ಸೀಬೆಕಾಯಿಯಷ್ಟು ಇರುತ್ತದೆ. 12 ವಾರ ಆಗುವಷ್ಟರಲ್ಲಿ ಅದು ಕಿಬ್ಬೊಟ್ಟೆಯ ಮೂಳೆಗಿಂತ ಮೇಲೆ, ಡಾಕ್ಟರ ಕೈಗೆ ಸಿಗುವಷ್ಟು ಬೆಳೆದಿರುತ್ತದೆ. ಅಷ್ಟು ಬೇಗ ಬೆಳೆಯುವ ಮಾಂಸಖಂಡ ಎಳೆದ ಹಾಗೆ, ಹಿಂಡಿದ ಹಾಗೆ ಅನ್ನಿಸುವುದು ಸಹಜವೇ. ಇನ್ನು ಒಂದೇ ಕಡೆ ಬರುವ ಸಣ್ಣ ನೋವಿಗೆ ಬೇರೆ ಕಾರಣವೂ ಇರಬಹುದು. ಆ ತಿಂಗಳು ಯಾವ ಅಂಡಾಶಯದಿಂದ ಅಂಡಾಣು ಹೊರಬಂದಿತ್ತೋ, ಅಲ್ಲಿ ಕಾರ್ಪಸ್ ಲೂಟಿಯಂ ಅನ್ನುವ ಪುಟ್ಟ ಗಂಟು ಉಳಿದುಕೊಳ್ಳುತ್ತದೆ. ಮಾಸು ಬೆಳೆದು ತಾನೇ ಕೆಲಸ ವಹಿಸಿಕೊಳ್ಳುವವರೆಗೆ ಬಸುರಿಗೆ ಬೇಕಾದ ಪ್ರೊಜೆಸ್ಟೆರಾನ್ ಹಾರ್ಮೋನು ಬರುವುದು ಇದೇ ಗಂಟಿನಿಂದ. ಅಲ್ಲಿ ಸ್ವಲ್ಪ ನೋಯಬಹುದು. ತಂಗಿಯ ಎಡಗಡೆಯ ಚುಚ್ಚು ಅದೇ ಇದ್ದೀತು. ಆದರೂ ಒಂದೇ ಕಡೆಯ ನೋವು ಅಂದಾಗ ಅವಳ ನರ್ಸ್‌ಗೆ ಒಮ್ಮೆ ಹೇಳಲು ನಾನೇ ಒತ್ತಾಯ ಮಾಡಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದೇ ಪ್ರೊಜೆಸ್ಟೆರಾನ್ ಕರುಳಿನ ಕೆಲಸವನ್ನೂ ನಿಧಾನ ಮಾಡುತ್ತದೆ. ಮಲಬದ್ಧತೆ, ಗ್ಯಾಸು, ಹೊಟ್ಟೆ ಉಬ್ಬರ, ಎದೆ ಉರಿ ಬರುವುದಕ್ಕೆ ಇದೂ ಕಾರಣ. ಮಧ್ಯಾಹ್ನ ಕಣ್ಣು ತೆರೆಯಲಾಗದಷ್ಟು ನಿದ್ದೆ ಬರುವುದಕ್ಕೂ ಇದರ ಪಾಲು ಇದೆ. ನನ್ನ ವಿಷಯದಲ್ಲಂತೂ ಅರ್ಧ ನೋವು ಗ್ಯಾಸಿನದೇ ಆಗಿತ್ತು. ಡಾಕ್ಟರು ಇಸಬ್‌ಗೋಲ್ ಕುಡಿಯಲು ಹೇಳಿದರು. ನೀರು ಜಾಸ್ತಿ ಕುಡಿದೆ, ಸೊಪ್ಪಿನ ಪಲ್ಯ, ಹಣ್ಣು ಜಾಸ್ತಿ ತಿಂದೆ. ವಾರದೊಳಗೆ ಹೊಟ್ಟೆ ಹಗುರಾಯಿತು. ಎಷ್ಟು ಸಣ್ಣ ವಿಷಯ! ಆದರೆ ಅದಕ್ಕಿಂತ ಮೊದಲು ನಾನು ಪಟ್ಟ ಭಯ ಸಣ್ಣದಾಗಿರಲಿಲ್ಲ.

ಹಾಗಂತ ಎಲ್ಲ ನೋವೂ ಸಹಜ ಅಂದುಕೊಂಡು ಕೂರಬಾರದು. ನೂರರಲ್ಲಿ ಒಂದೆರಡು ಬಸುರು ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ ಕಟ್ಟುತ್ತದೆ. ನಾಳ ಒಡೆದರೆ ಹೊಟ್ಟೆಯ ಒಳಗೇ ರಕ್ತ ಸುರಿದು ಜೀವಕ್ಕೆ ಅಪಾಯ. ಒಂದೇ ಕಡೆ ತಡೆಯಲಾಗದ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಕಣ್ಣು ಕತ್ತಲೆ ಬಂದ ಹಾಗಾಗುವುದು, ಜೊತೆಗೆ ರಕ್ತ ಹೋಗುವುದು, ಇಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಾದರೆ 108ಕ್ಕೆ ಫೋನ್ ಮಾಡಬೇಕು. ಭುಜಕ್ಕೂ ಬಸುರಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಳಗೆ ಸೇರಿದ ರಕ್ತ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯನ್ನು ಕೆರಳಿಸಿದಾಗ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಇದಲ್ಲದೆ ಮೂತ್ರ ಮಾಡುವಾಗ ಉರಿ, ಜ್ವರ, ಪ್ಯಾಡು ತುಂಬುವಷ್ಟು ರಕ್ತ, ಇವಕ್ಕೂ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ನೋವಿಗೆ ಅಂತ ಮನೆಯಲ್ಲಿರುವ ಮಾತ್ರೆ ನುಂಗುವುದು ಬೇಡ. ಮುಟ್ಟಿನ ನೋವಿಗೆ ನಾವು ಸುಲಭವಾಗಿ ತೆಗೆದುಕೊಳ್ಳುವ ಐಬುಪ್ರೊಫೆನ್ ಥರದ ಮಾತ್ರೆಗಳು ಬಸುರಿಯರಿಗಲ್ಲ. ಯಾವುದು ತಗೋಬಹುದು, ಎಷ್ಟು ತಗೋಬಹುದು ಅಂತ ಕೇಳಿಯೇ ತಗೋಬೇಕು.

ಸ್ಕ್ಯಾನಿಂಗ್ ವಿಷಯಕ್ಕೆ ಬಂದರೆ ನಮ್ಮ ಇಬ್ಬರ ಭಯ ಬೇರೆ ಬೇರೆ ರೀತಿಯದು. ಇಂಗ್ಲೆಂಡಿನಲ್ಲಿ ತೊಂದರೆ ಏನೂ ಇಲ್ಲದಿದ್ದರೆ ಮೊದಲ ಸ್ಕ್ಯಾನ್ ಮಾಡುವುದು 11ರಿಂದ 14 ವಾರದ ನಡುವೆ. ಅದಕ್ಕೂ ಮೊದಲು ಮಿಡ್‌ವೈಫ್ ಅನ್ನುವ ಸೂಲಗಿತ್ತಿ ನರ್ಸ್ ಜೊತೆ ಒಂದು ದೊಡ್ಡ ಭೇಟಿ ಇರುತ್ತದೆ. ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ, ಅಷ್ಟೆ. "ಒಳಗೆ ಏನಿದೆ ಅಂತ ಯಾರೂ ನೋಡಿಯೇ ಇಲ್ಲ ಅಕ್ಕ, ಹೇಗೆ ನಂಬೋದು?" ಅನ್ನುತ್ತಾಳೆ ತಂಗಿ. ನೋವು ಅಥವಾ ರಕ್ತ ಇದ್ದರೆ ಮಾತ್ರ ಬಸುರಿನ ಮೊದಲ ತಿಂಗಳುಗಳಿಗೆ ಅಂತಲೇ ಇರುವ ಬೇರೆ ವಿಭಾಗಕ್ಕೆ ಕಳಿಸುತ್ತಾರೆ. ಎಡಗಡೆಯ ನೋವಿನ ವಿಷಯ ಹೇಳಿದ್ದಕ್ಕೆ ಅವಳನ್ನೂ ಕಳಿಸಿದರು. ನೋಡಿದರು, ಗರ್ಭಕೋಶದ ಒಳಗೇ ಇದೆ, ಚೆನ್ನಾಗಿದೆ ಅಂದರು. ಆವತ್ತು ನಾವಿಬ್ಬರೂ ಫೋನಿನಲ್ಲಿ ಅತ್ತೆವು.

ನಮ್ಮ ಕಡೆ ಉಲ್ಟಾ. ಮುಟ್ಟು ಒಂದು ವಾರ ತಪ್ಪಿದರೆ ಸಾಕು, ಸ್ಕ್ಯಾನಿಂಗ್. ನನಗೆ ಲೆಕ್ಕದ ಪ್ರಕಾರ ಆರು ವಾರ ಆದಾಗ ಮಾಡಿದರು. ಸ್ಕ್ಯಾನ್ ಮಾಡಿದವರು ಮುಖ ನೋಡದೆ "ಹಾರ್ಟ್‌ಬೀಟ್ ಇನ್ನೂ ಕಾಣ್ತಿಲ್ಲ, ಡಾಕ್ಟರನ್ನ ಕೇಳಿ" ಅಂದು ಮುಂದಿನವರನ್ನು ಕರೆದರು. ಆ ಬೆಂಚಿನ ಮೇಲೆ ನಾನು ಹೇಗೆ ಕೂತಿದ್ದೆ ಅಂತ ಈಗ ನೆನೆಸಿಕೊಂಡರೂ ಕೈ ತಣ್ಣಗಾಗುತ್ತದೆ. ವಾರದ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಆರು ವಾರ ಅಂದಾಗ ಭ್ರೂಣಕ್ಕೆ ನಿಜವಾಗಿ ಸುಮಾರು ನಾಲ್ಕು ವಾರ. ಮುಟ್ಟು ತಡವಾಗಿ ಆಗುವವರಿಗೆ ಇನ್ನೂ ಕಡಿಮೆ. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಭ್ರೂಣದ ಉದ್ದ 7 ಮಿಲಿಮೀಟರ್ ಮುಟ್ಟುವ ಮೊದಲು ಮಿಡಿತ ಕಾಣಲಿಲ್ಲ ಅಂದರೆ, ಆಗಲೇ ಏನನ್ನೂ ತೀರ್ಮಾನ ಮಾಡಬಾರದು, ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ನೋಡಬೇಕು ಅಂತ ವೈದ್ಯರ ನಿಯಮಗಳೇ ಹೇಳುತ್ತವೆ. ನನ್ನ ಡಾಕ್ಟರು ಒಳ್ಳೆಯವರು, ಚೀಟಿಯ ಹಿಂದೆ ಚಿತ್ರ ಬರೆದು ಇದನ್ನೆಲ್ಲ ವಿವರಿಸಿದರು. ಆದರೆ ಸ್ಕ್ಯಾನ್ ಕೋಣೆಯಲ್ಲೇ "ಇನ್ನೂ ಬೇಗ ಆಯ್ತಮ್ಮ, ಅದಕ್ಕೇ ಕಾಣ್ತಿಲ್ಲ" ಅಂತ ಒಂದು ಮಾತು ಅಂದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಮುಂದಿನ ಸ್ಕ್ಯಾನಿನಲ್ಲಿ ಮಿಡಿತ ಕಂಡಿತು. ನಡುವಿನ ದಿನಗಳು ಮಾತ್ರ ಬಹಳ ಉದ್ದವಾಗಿದ್ದವು. ಬೇಗ ನೋಡಿದರೆ ಭಯ ಕಡಿಮೆಯಾಗುತ್ತದೆ ಅನ್ನುವುದು ಎಲ್ಲರ ಲೆಕ್ಕ. ನನಗೆ ಹಾಗಾಗಲಿಲ್ಲ.

ರಕ್ತದ ಕಲೆಯ ವಿಷಯ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಸುರು ಮುಂದುವರಿಯುತ್ತದೆ. ಡಾಕ್ಟರಿಗೆ ಹೇಳಲೇಬೇಕು, ಆದರೆ ಕಲೆ ಕಂಡ ತಕ್ಷಣ ಎಲ್ಲ ಮುಗಿಯಿತು ಅಂತ ಅಲ್ಲ.

ಕಲೆ ಕಂಡ ಮೇಲೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ಬೆಡ್ ರೆಸ್ಟ್. ಹಾಸಿಗೆಯಿಂದ ಏಳಬೇಡ, ಕಾಲ ಕೆಳಗೆ ದಿಂಬು ಇಟ್ಟುಕೋ. ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಲಗಿದ್ದರಿಂದ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಸುಸ್ತಾದರೆ ಮಲಗಬೇಕು, ಅದು ಬೇರೆ ಮಾತು. ಇಡೀ ದಿನ ಸೂರು ನೋಡುತ್ತಾ ಮಲಗಿದವಳಿಗೆ ಯೋಚನೆ ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಮುಂದೆ ಗರ್ಭ ಇಳಿದುಹೋದರೆ "ಆವತ್ತು ನೀರಿನ ಬಿಂದಿಗೆ ಎತ್ತಿದೆನಲ್ಲ" ಅಂತ ಜೀವನವಿಡೀ ಕೊರಗುತ್ತಾಳೆ. ಅದು ನನಗೆ ಸಹಿಸಲಾಗದ ವಿಷಯ. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ 10ರಿಂದ 20 ನಿಲ್ಲುವುದಿಲ್ಲ. ಹೆಚ್ಚಿನವು ಹೋಗುವುದು ಮೊದಲ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧದಷ್ಟು ಕ್ರೋಮೋಸೋಮು ಸರಿಯಾಗಿ ಕೂಡಿಕೊಳ್ಳದ ಕಾರಣಕ್ಕೆ. ಆ ಲೆಕ್ಕ ಗರ್ಭ ಕಟ್ಟುವ ಹೊತ್ತಿಗೇ ತಪ್ಪಿರುತ್ತದೆ. ಮೆಟ್ಟಿಲು ಹತ್ತಿದ್ದು, ಬಸ್ಸಿನಲ್ಲಿ ಕೂತಿದ್ದು, ಬಟ್ಟೆ ಒಗೆದದ್ದು ಇದಕ್ಕೆ ಕಾರಣ ಅಲ್ಲವೇ ಅಲ್ಲ.

ಗರ್ಭ ನಿಲ್ಲಲಿ ಅಂತ ಕೊಡುವ ಪ್ರೊಜೆಸ್ಟೆರಾನ್ ಮಾತ್ರೆ, ಇಂಜೆಕ್ಷನ್ ಬಗ್ಗೆಯೂ ತಂಗಿ ಕೇಳಿದಳು. "ಇಲ್ಲಿ ನನಗೆ ಯಾಕೆ ಕೊಡ್ತಿಲ್ಲ? ಊರಲ್ಲಿ ಎಲ್ಲರಿಗೂ ಕೊಡ್ತಾರಲ್ಲ?" ಬ್ರಿಟನ್ನಿನಲ್ಲಿ ಇದರ ಮೇಲೆ ದೊಡ್ಡ ಅಧ್ಯಯನವೇ ನಡೆದಿದೆ. ಪ್ರಿಸಂ ಅಂತ ಹೆಸರು, 2019ರಲ್ಲಿ ಪ್ರಕಟವಾಯಿತು. ಮೊದಲ ವಾರಗಳಲ್ಲಿ ರಕ್ತ ಕಂಡಿದ್ದ 4,153 ಹೆಂಗಸರು ಅದರಲ್ಲಿದ್ದರು. ಪ್ರೊಜೆಸ್ಟೆರಾನ್ ಕೊಟ್ಟವರಲ್ಲಿ ನೂರಕ್ಕೆ 75 ಜನರಿಗೆ ಮಗು ಆಯಿತು, ಕೊಡದವರಲ್ಲಿ 72 ಜನರಿಗೆ. ಒಟ್ಟಾರೆ ನೋಡಿದರೆ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಹಿಂದೆ ಗರ್ಭ ಹೋಗಿದ್ದು, ಈಗಲೂ ರಕ್ತ ಕಾಣಿಸಿಕೊಂಡವರಿಗೆ ಉಪಯೋಗ ಕಂಡಿತು. ಅದಕ್ಕೇ 2021ರಿಂದ ಅಲ್ಲಿ ಅಂಥವರಿಗೆ ಕೊಡಲು ಸಲಹೆ ಇದೆ. ಎಡಗಡೆ ನೋವಷ್ಟೇ ಇದ್ದ ತಂಗಿಗೆ ಅದು ಬೇಕಿರಲಿಲ್ಲ. ನಿಮಗೆ ಡಾಕ್ಟರು ಬರೆದುಕೊಟ್ಟಿದ್ದರೆ ಇದನ್ನು ಓದಿ ನೀವೇ ನಿಲ್ಲಿಸಬೇಡಿ. "ನನಗೆ ಇದು ಯಾಕೆ ಬೇಕು?" ಅಂತ ಕೇಳಿ. ಕೇಳುವ ಹಕ್ಕು ನಮಗಿದೆ.

ಇನ್ನು ವಾಂತಿ. ಹತ್ತರಲ್ಲಿ ಏಳೆಂಟು ಜನರಿಗೆ ಓಕರಿಕೆ ಇರುತ್ತದೆ. ಒಂಬತ್ತನೇ ವಾರದ ಸುಮಾರಿಗೆ ಜೋರಾಗಿ, ಆಮೇಲೆ ಇಳಿಯುತ್ತಾ ಬರುತ್ತದೆ. "ಎಲ್ಲರಿಗೂ ಆಗೋದೇ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಎಲ್ಲರಿಗೂ ಆದರೇನು, ನನಗೆ ಆಗುತ್ತಿರುವುದು ಕಷ್ಟವೇ ಅಲ್ವಾ? ಮರ್ಲೀನಾ ಫೆಜೋ ಅನ್ನುವ ಅಮೆರಿಕದ ವಿಜ್ಞಾನಿಯ ಬಗ್ಗೆ ಓದಿದಾಗ ನನಗೆ ಬಹಳ ಸಮಾಧಾನ ಆಯಿತು. ಅವರಿಗೆ ಬಸುರಿನಲ್ಲಿ ವಿಪರೀತ ವಾಂತಿಯಾಗಿ ಮಗುವನ್ನೇ ಕಳೆದುಕೊಂಡರು. ಆಮೇಲೆ ವರ್ಷಗಟ್ಟಲೆ ಅದರ ಕಾರಣವನ್ನೇ ಹುಡುಕಿದರು. 2023ರ ಡಿಸೆಂಬರಿನಲ್ಲಿ ಅವರು ಮತ್ತು ಕೇಂಬ್ರಿಜ್‌ನ ಸ್ಟೀಫನ್ ಓ'ರಾಹಿಲಿ ಅವರ ತಂಡ ಒಂದು ಸಂಶೋಧನೆ ಪ್ರಕಟಿಸಿತು. ಮಾಸು ಮತ್ತು ಮಗುವಿನ ಕಡೆಯಿಂದ ಬರುವ ಜಿಡಿಎಫ್15 ಅನ್ನುವ ಹಾರ್ಮೋನು ಈ ವಾಂತಿಗೆ ಮುಖ್ಯ ಕಾರಣ. ಬಸುರಿಗೆ ಮೊದಲು ಆ ಹಾರ್ಮೋನು ಮೈಯಲ್ಲಿ ಕಡಿಮೆ ಇದ್ದವರಿಗೆ ಅದು ಏಕಾಏಕಿ ಏರಿದಾಗ ಹೆಚ್ಚು ಬಾಧೆ. ಅಂದರೆ ಇದು ನಾಟಕ ಅಲ್ಲ, ನಾಜೂಕುತನ ಅಲ್ಲ, ಮನಸ್ಸು ಗಟ್ಟಿ ಇಲ್ಲದ್ದಕ್ಕೂ ಅಲ್ಲ. ರಕ್ತದಲ್ಲೇ ಇರುವ ಕಾರಣ.

ನನಗೆ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಬೆಳ್ಳುಳ್ಳಿ ಬಾಣಲೆಗೆ ಬಿದ್ದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ನಮ್ಮ ಅತ್ತೆ ಒಂದು ಒಳ್ಳೆ ಉಪಾಯ ಮಾಡಿದರು. ಬೆಳಿಗ್ಗೆ ಏಳುವ ಮೊದಲೇ ಮಂಚದ ಪಕ್ಕ ಒಂದು ಡಬ್ಬಿಯಲ್ಲಿ ಒಣ ಮಂಡಕ್ಕಿ, ಹುರಿಗಡಲೆ ಇಟ್ಟಿರುತ್ತಿದ್ದರು. ಮಲಗಿದಲ್ಲೇ ಒಂದು ಹಿಡಿ ತಿಂದು, ಸ್ವಲ್ಪ ಹೊತ್ತು ಬಿಟ್ಟು ಏಳುವುದು. ಹೊಟ್ಟೆ ಖಾಲಿ ಬಿಡಬಾರದು ಅನ್ನುವುದೇ ಇದರ ಗುಟ್ಟು. ಬಿಸಿ ಅಡುಗೆಗಿಂತ ತಣ್ಣಗಾದ ಮೊಸರನ್ನ, ನಿಂಬೆಹಣ್ಣಿನ ಚಿತ್ರಾನ್ನ ಒಗ್ಗುತ್ತಿತ್ತು. ವಾಸನೆ ಕಡಿಮೆ ಅಲ್ವಾ, ಅದಕ್ಕೇ ಇರಬೇಕು. ಶುಂಠಿಯೂ ಕೆಲವರಿಗೆ ಸಹಾಯ ಮಾಡುತ್ತದೆ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ತೂಕ ಇಳಿಯುತ್ತಿದ್ದರೆ ಮನೆಮದ್ದು ಸಾಲದು. ಡ್ರಿಪ್ ಬೇಕಾಗಬಹುದು. ವಾಂತಿಗೆ ಬಸುರಿಯರು ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ.

ಒಂದು ವಿಚಿತ್ರ ಭಯವೂ ಇದೆ. ಯಾವತ್ತೋ ಒಂದು ದಿನ ವಾಂತಿ ಬರುವುದಿಲ್ಲ. ಸ್ತನಗಳ ನೋವೂ ಕಡಿಮೆ ಅನ್ನಿಸುತ್ತದೆ. ಆರಾಮಾಗಿದೆ ಅಂತ ಖುಷಿಪಡುವ ಬದಲು, ಒಳಗೆ ಏನೋ ನಿಂತುಹೋಯಿತಾ ಅಂತ ದಿಗಿಲಾಗುತ್ತದೆ. ತಂಗಿ ಇದೇ ಕಾರಣಕ್ಕೆ ಒಂದು ದಿನ ಕೆಲಸದ ನಡುವೆ ಫೋನ್ ಮಾಡಿದಳು. ಲಕ್ಷಣಗಳು ದಿನದಿಂದ ದಿನಕ್ಕೆ ಏರುಪೇರಾಗುತ್ತವೆ. ಒಂದು ದಿನ ಹಗುರಾದ ಮಾತ್ರಕ್ಕೆ ಕೆಟ್ಟದ್ದು ಅಂತ ಅರ್ಥ ಅಲ್ಲ. ಮಾರನೇ ದಿನ ಅವಳಿಗೆ ಮತ್ತೆ ವಾಂತಿ ಶುರುವಾಯಿತು, ಅದನ್ನು ಅವಳು ಸಂತೋಷದಿಂದ ಹೇಳಿದಳು!

ರಾತ್ರಿ ಫೋನಿನಲ್ಲಿ ಹುಡುಕುತ್ತಾ ಕೂರುವುದನ್ನು ಬಿಡು ಅಂತ ಅವಳಿಗೆ ಹೇಳಿದ್ದೇನೆ. ಬರುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ಕೇಳು ಅಂತ. ಬರೆದಿಟ್ಟರೆ ಅರ್ಧ ಭಾರ ಇಳಿಯುತ್ತದೆ. ಆದರೆ ಕೆಲವರಿಗೆ ಅಷ್ಟಕ್ಕೇ ಇಳಿಯುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಅಳು ನಿಲ್ಲಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದಕ್ಕೂ ಚಿಕಿತ್ಸೆ ಇದೆ. 14416 ಅನ್ನುವುದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ತೊಂದರೆಗೆ ಅಂತಲೇ ಬೇರೆ ವಿಭಾಗ ಇದೆ. ಇದನ್ನು ಹುಚ್ಚು ಅಂತ ಕರೆಯುವ ಕಾಲ ಹೋಗಬೇಕು.

ನನಗೆ ನಿಜವಾಗಿ ಹೇಳಬೇಕಾಗಿರುವುದು ಆ ಮೂರು ತಿಂಗಳ ಗುಟ್ಟಿನ ಬಗ್ಗೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿ ಆಗುತ್ತದೆ ಅನ್ನುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ಇದರ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಎಲ್ಲರಿಗೂ ಹೇಳಿದ ಮೇಲೆ ಗರ್ಭ ನಿಲ್ಲದೆ ಹೋದರೆ, ಒಬ್ಬೊಬ್ಬರಿಗೂ ಮತ್ತೆ ಹೇಳಿಕೊಂಡು ಬರಬೇಕಲ್ಲ ಅನ್ನುವ ಸಂಕಟ. ಆದರೆ ಸುಸ್ತು, ವಾಂತಿ, ನೋವು, ಭಯ ಎಲ್ಲವೂ ಜೋರಾಗಿರುವುದು ಇದೇ ಮೂರು ತಿಂಗಳಲ್ಲಿ. ಆಸರೆ ಬೇಕಾದ ಹೊತ್ತಲ್ಲೇ ಬಾಯಿ ಮುಚ್ಚಿಕೊಂಡಿರಬೇಕು. ಐದು ತಿಂಗಳಾದ ಮೇಲೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಾರೆ, ಸೀಮಂತ ಮಾಡುತ್ತಾರೆ, ಬಯಕೆ ಊಟ ಹಾಕುತ್ತಾರೆ. ಕೌಂಟರಿನ ಹಿಂದೆ ನಿಂಬೆಹಣ್ಣು ಮೂಸುತ್ತಾ ಕೂತಿದ್ದ ಏಳನೇ ವಾರದಲ್ಲಿ ನನಗೆ ಯಾರೂ ಒಂದು ಲೋಟ ನೀರು ಕೊಡಲಿಲ್ಲ. ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ಗುಟ್ಟಾಗಿಡುವುದರಿಂದ ಆರೈಕೆಯೂ ತಡವಾಗುತ್ತದೆ. ಮಗುವಿನ ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಆರನೇ ವಾರದ ಸುಮಾರಿಗೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕಿರುವುದು ಅದಕ್ಕಾಗಿಯೇ. ಮಗು ಬೇಕು ಅಂದುಕೊಂಡಾಗಲೇ ಶುರು ಮಾಡಿದರೆ ಒಳ್ಳೆಯದು. ನಮ್ಮ ಆಶಾ ಕಾರ್ಯಕರ್ತೆಯರು 12 ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ ಅಂತ ಮನೆಮನೆಗೆ ಬರುತ್ತಾರೆ. ಮೂರು ತಿಂಗಳು ತುಂಬಲಿ ಅಂತ ಕಾದರೆ ಅದೂ ತಪ್ಪುತ್ತದೆ. ಊರಿಗೆಲ್ಲ ಸಾರಬೇಕಿಲ್ಲ. ಮನೆಯಲ್ಲಿ ಇಬ್ಬರು, ಕೆಲಸದ ಜಾಗದಲ್ಲಿ ಒಬ್ಬರು, ಆಸ್ಪತ್ರೆಯ ಕಡೆ ಒಬ್ಬರು, ಇಷ್ಟು ಜನಕ್ಕೆ ಗೊತ್ತಿರಲಿ. ಗರ್ಭ ನಿಲ್ಲದೆ ಹೋದರೂ ಕೈ ಹಿಡಿಯುವವರು ಇವರೇ. ಗರ್ಭ ಹೋದವರಿಗೆ ಆರು ವಾರ ಸಂಬಳದ ರಜೆ ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಬಸುರಿಯಾಗಿದ್ದನ್ನೇ ಹೇಳದವಳು ಆ ರಜೆ ಹೇಗೆ ಕೇಳುತ್ತಾಳೆ? ಎರಡು ದಿನ ಜ್ವರ ಅಂತ ಬರೆದುಕೊಟ್ಟು ಮೂರನೇ ದಿನ ಕೌಂಟರಿಗೆ ಬಂದು ಕೂತ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆ ಏನಾಗಿತ್ತು ಅಂತ ನಮಗೆಲ್ಲ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ.

ತಂಗಿ ಈಗ ಹತ್ತನೇ ವಾರದಲ್ಲಿದ್ದಾಳೆ. ಅಮ್ಮನಿಗೆ, ನನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಅವಳ ಮ್ಯಾನೇಜರ್‌ಗೆ ಹೇಳಿದಳು. ಅವರೂ ಎರಡು ಮಕ್ಕಳ ತಾಯಿ. ಬೆಳಗಿನ ಮೀಟಿಂಗುಗಳನ್ನು 11 ಗಂಟೆಯ ಮೇಲಕ್ಕೆ ಹಾಕಿದ್ದಾರೆ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡು ಅಂದಿದ್ದಾರೆ. ಅಮ್ಮ ಮೊದಲು "ಇಷ್ಟು ಬೇಗ ಯಾಕೆ ಹೇಳಿದ್ಲು?" ಅಂತ ನನ್ನ ಮೇಲೆ ರೇಗಿದರು. ಮೀಟಿಂಗಿನ ವಿಷಯ ತಿಳಿದ ಮೇಲೆ, "ಹಾಗಾದ್ರೆ ಬೆಳಿಗ್ಗೆ ಇನ್ನೊಂದು ಗಂಟೆ ಮಲಗಲಿ, ಏಳೋ ಮುಂಚೆ ಏನಾದ್ರೂ ಒಣದು ತಿನ್ನಲಿ" ಅಂದರು.